ಕಂಬಳಿ ಉಣ್ಣೆಯಲ್ಲಿ ಕ್ರೋಶಾ ಚೀಲ: ಕೊನೆಗೂ ಫೆಲ್ಟ್ ಆಯಿತು

ಕಂಬಳಿಗೆ ಬಳಸುವ ದಖನಿ ಕುರಿ ಉಣ್ಣೆ ಒರಟು, ಅದು ಫೆಲ್ಟ್ ಆಗಲ್ಲ (ಅಂದರೆ ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಬಟ್ಟೆಯಾಗಲ್ಲ), ಸುಮ್ನೆ ದುಡ್ಡು ಹಾಳು ಅಂತ ಎಲ್ಲರೂ ಹೇಳಿದ್ದರು. ಈಗ ಅದೇ ಉಣ್ಣೆಯ ಚೀಲ ನನ್ನ ಹೆಗಲ ಮೇಲಿದೆ. ಹಾಗೆ ಹೇಳಿದವರಲ್ಲೇ ಇಬ್ಬರು ತಮಗೂ ಒಂದು ಬೇಕು ಅಂತ ಕೇಳಿದ್ದಾರೆ!

ಅವರ ಮಾತು ಪೂರ್ತಿ ಸುಳ್ಳಲ್ಲ. ಚಳ್ಳಕೆರೆ ಕಡೆಯಿಂದ ತಂದ ದಖನಿ ಉಣ್ಣೆಯ ಕರಿ ನೂಲು ಒಂದರಲ್ಲೇ ಹೆಣೆದಾಗ, ಬಿಸಿನೀರಲ್ಲಿ ಎಷ್ಟು ಉಜ್ಜಿದರೂ ಹೆಣಿಗೆಯ ಕಣ್ಣು ಮುಚ್ಚಲಿಲ್ಲ. ಆಮೇಲೆ ಆನ್‌ಲೈನಲ್ಲಿ ಮೆರಿನೊ ಕುರಿಯ ನಯವಾದ ನೂಲು ತರಿಸಿದೆ. ನೂರಕ್ಕೆ ನೂರು ಉಣ್ಣೆಯೇ, ಆದರೆ ಸೂಪರ್‌ವಾಶ್. ಮೆಷಿನ್‌ಗೆ ಹಾಕಿದರೂ ಕುಗ್ಗಬಾರದು ಅಂತಲೇ ಮಾಡಿದ ನೂಲು ಫೆಲ್ಟ್ ಎಲ್ಲಿಂದ ಆಗಬೇಕು? ಸಾವಿರದ ಇನ್ನೂರೋ ಮುನ್ನೂರೋ ನೀರುಪಾಲಾಯಿತು. ಈಗ ಯಾವ ನೂಲೇ ಬರಲಿ, ಅಂಗೈ ಅಗಲದ ತುಂಡು ಹೆಣೆದು ಬಿಸಿನೀರಲ್ಲಿ ಉಜ್ಜಿ ನೋಡದೆ ಶುರು ಮಾಡುವುದಿಲ್ಲ.

ಗೆದ್ದಿದ್ದು ಬೆರಕೆ. ಒಂದು ಎಳೆ ಕರಿ ನೂಲು, ಒಂದು ಎಳೆ ಸೂಪರ್‌ವಾಶ್ ಅಲ್ಲದ ಮೆರಿನೊ, ಎರಡನ್ನೂ ಜೋಡಿಸಿ 8 ಎಂಎಂ ಕಡ್ಡಿಯಲ್ಲಿ ಸಡಿಲವಾಗಿ ಸಿಂಗಲ್ ಕ್ರೋಶಾ (ಗಿಡ್ಡ ಹೆಣಿಗೆ). ಡಬಲ್ ಕ್ರೋಶಾ (ಎತ್ತರದ ಹೆಣಿಗೆ) ಬೇಗ ಮುಗಿಯುತ್ತದೆ, ಆದರೆ ಸಂದು ಹಾಗೇ ಉಳಿಯುತ್ತದೆ. ಹೆಣೆದ ಚೀಲ ಮೀನಿನ ಬಲೆ ತರ ಜೋತುಬೀಳುತ್ತದೆ, ಹೆದರಬೇಡಿ. ದಿಂಬಿನ ಕವರಿಗೆ ಹಾಕಿ, ಬಾಯಿ ಕಟ್ಟಿ, ಎರಡು ಹಳೇ ಜೀನ್ಸ್ ಜೊತೆ 60 ಡಿಗ್ರಿಯಲ್ಲಿ ತಿರುಗಿಸಿದೆ. ಎತ್ತರ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಕುಗ್ಗಿತು, ಅಗಲ ಅಷ್ಟಿಲ್ಲ. ಹಾಗಾಗಿ ಸಾಲು ಜಾಸ್ತಿ ಹೆಣೆಯಬೇಕು. ತಳಕ್ಕೆ ಮಾತ್ರ ಎಳೆಗಳ ಲೆಕ್ಕ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನಗೂ ಒಂದಿಷ್ಟು ವ್ಯಾಪಾರ ಆಗಬೇಕಲ್ವಾ.

ಮಧ್ಯೆ ಅಂಟುವಾಳವನ್ನೂ ನೋಡಿದೆ. ಉಣ್ಣೆಯ ಜಿಡ್ಡು, ಮಣ್ಣು ತೆಗೆಯೋಕೆ ಚೆನ್ನ, ಕೈಯಲ್ಲಿ ಫೆಲ್ಟ್ ಮಾಡೋಕೆ ತೋಳು ಬಿದ್ದುಹೋಯಿತು. ಬಟ್ಟೆ ಸೋಪು ಹೆರೆದು ಹಾಕಿದ ಮೇಲೆ ಬೇಗ ಬಿಗಿಯಿತು, ಅದರಲ್ಲಿ ಕ್ಷಾರ ಇದೆಯಲ್ಲ. ಕಂಬಳಿ ನೇಯುವವರು ಹಾಸಿನ ನೂಲಿಗೆ (ಮಗ್ಗದ ಉದ್ದ ಎಳೆಗಳಿಗೆ) ಹುಣಸೆಬೀಜದ ಗಂಜಿ ಹಚ್ಚುತ್ತಾರೆ ಅಂತ ನಾನೂ ಒಂದು ಬುಟ್ಟಿಗೆ ಬಳಿದೆ. ಬೇಸಿಗೆಯಲ್ಲಿ ಕಲ್ಲಿನಂತೆ ನಿಂತಿತ್ತು, ಮಳೆಗಾಲಕ್ಕೆ ಬೂಸ್ಟು ಬಂತು.

ಚೀಲಕ್ಕೆ ನೂಲಿನ ಖರ್ಚು 600ರ ಆಸುಪಾಸು, ಮುಕ್ಕಾಲು ಪಾಲು ಮೆರಿನೊದ್ದೇ. ಇಂಥದ್ದೇ ಇನ್ನೊಂದನ್ನು 1,500ಕ್ಕೆ ಮಾರಿದೆ. ಕೂಲಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ನಿಜವಾದ ಲಾಭ ಬಿಸಿ ಪಾತ್ರೆ ಇಡುವ ಬಿಲ್ಲೆಗಳಲ್ಲಿ: ಉಳಿದ ನೂಲಲ್ಲೇ ಆಗುತ್ತದೆ, ಒಂದಕ್ಕೆ 150 ಕೊಡುತ್ತಾರೆ, ಚುಚ್ಚುತ್ತದೆ ಅಂತ ಯಾರೂ ವಾಪಸ್ ತಂದಿಲ್ಲ.