ವಸಾಯಿ ಕೋಟೆಯ ಪಾಳು ಇಗರ್ಜಿ: ನಾನು ಹುಡುಕಿದ ದಾರಿ

ಮುಂಬೈಯ ನಮ್ಮ ಕನ್ನಡದವರು, ಹಿಂದೆ ಪೋರ್ಚುಗೀಸರದ್ದಾಗಿದ್ದ ವಸಾಯಿ ಕೋಟೆ ನೋಡಲು ಬಂದರೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಸಂತ ಜೋಸೆಫರ ಇಗರ್ಜಿಯ (ಚರ್ಚಿನ) ಮುಂದೆ ನಿಂತ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ: “ಮರಾಠರ ಫಿರಂಗಿಗೆ ಬಿದ್ದದ್ದಲ್ವಾ ಮಾರಾಯ್ರೇ ಇದು?” ಸುಮ್ನೆ ಹೌದು ಅನ್ನಲು ಮನಸ್ಸು ಬರಲಿಲ್ಲ. ಹುಡುಕತೊಡಗಿದೆ.

ಮೊದಲು ಇಗರ್ಜಿ ಯಾವುದು ಅಂತ ಗಟ್ಟಿ ಮಾಡಿಕೊಳ್ಳಬೇಕು. ಕೋಟೆಯೊಳಗೆ ಜೆಸುಯಿಟರದ್ದು, ಫ್ರಾನ್ಸಿಸ್ಕನರದ್ದು, ಡೊಮಿನಿಕನರದ್ದು ಅಂತ ಒಂದೊಂದು ಪಾದ್ರಿ ಪಂಗಡದ ಪಾಳು ಇಗರ್ಜಿಗಳು ಬೇರೆ ಬೇರೆ ಇವೆ. ಗಲಿಬಿಲಿ ಜಾಸ್ತಿ. ಎತ್ತರದ ಗಂಟೆಗೋಪುರ, ಅದರೊಳಗೆ ಸುತ್ತು ಮೆಟ್ಟಿಲು ಇರುವುದು ಸಂತ ಜೋಸೆಫರದ್ದು. 1546ರಲ್ಲಿ ಕಟ್ಟಿದ, ಊರಿನ ಮುಖ್ಯ ಇಗರ್ಜಿ.

ಬಾಗಿಲ ಮೇಲೆ ಪೋರ್ಚುಗೀಸ್ ಕಲ್ಲುಬರಹ ಇದೆ. ನಡು ಮಧ್ಯಾಹ್ನ ಹೋದರೆ ಅಕ್ಷರ ಕಾಣುವುದೇ ಕಷ್ಟ. ಬೆಳಕು ಓರೆಯಾಗಿ ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ಕೂರುತ್ತದೆ. ಆ ಹೊತ್ತಿಗೆ ಫೋಟೋ ತೆಗೆದು, ಮನೆಯಲ್ಲಿ ದೊಡ್ಡದು ಮಾಡಿ ಓದಿದೆ. ಕಲ್ಲಿನ ಮೇಲೆ ಚಾಕ್‌ಪೀಸ್ ಉಜ್ಜುವವರಿದ್ದಾರೆ, ದಯವಿಟ್ಟು ಬೇಡ. ಅಲೆಯ್ಶು ದ ಮೆನೆಜಿಸ್ ಆರ್ಚ್‌ಬಿಷಪ್ ಆಗಿದ್ದಾಗ, 1601ರಲ್ಲಿ ಇಗರ್ಜಿಯನ್ನು ಹೊಸದಾಗಿ ಕಟ್ಟಲಾಯಿತು ಅಂತ ಅದರಲ್ಲಿದೆ.

ಇನ್ನೊಂದು ತುದಿ ಸಿಕ್ಕಿದ್ದು ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್ ಅವರ ದಿನಚರಿಯಲ್ಲಿ. 1825ರಲ್ಲಿ ಇಲ್ಲಿಗೆ ಬಂದಾಗ ಕೋಟೆಯೊಳಗೆ ಜನರೇ ಇರಲಿಲ್ಲ. ಮನೆ, ಇಗರ್ಜಿ ಎಲ್ಲ ಪಾಳು. ಗಟ್ಟಿಯಾಗಿ ನಿಂತಿದ್ದದ್ದು ಒಂದು ಚಿಕ್ಕ ದೇವಸ್ಥಾನ ಮಾತ್ರ.

ಅಂದರೆ ಕೆಟ್ಟದ್ದೆಲ್ಲ ಈ ಎರಡು ಇಸವಿಗಳ ನಡುವೆ. 1739ರ ಮೇ ತಿಂಗಳಲ್ಲಿ ಮರಾಠರ ಸೇನಾಪತಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ಕೋಟೆ ಗೆದ್ದರು. 1780ರಲ್ಲಿ ಬ್ರಿಟಿಷರ ಜನರಲ್ ಗೊಡ್ಡಾರ್ಡ್ ಮತ್ತೆ ಮುತ್ತಿಗೆ ಹಾಕಿದ. ಫಿರಂಗಿ ಹೊಡೆದದ್ದು ಸುಳ್ಳಲ್ಲ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಪೆಟ್ಟು ಪೋರ್ಚುಗೀಸರು ಊರು ಬಿಟ್ಟು ಹೋದದ್ದು. ನಮ್ಮ ಮಂಗಳೂರು ಕಡೆಯ ಹೆಂಚಿನ ಮನೆಯನ್ನೇ ನೋಡಿ, ಮಳೆಗೆ ಮುಂಚೆ ಮಾಡು (ಚಾವಣಿ) ಹತ್ತಿ ಒಡೆದ ಹೆಂಚು ಬದಲಿಸುವವರಿಲ್ಲದಿದ್ದರೆ ಹೆಂಚು ಹೊರುವ ಮರದ ಪಕ್ಕಾಸು ಎಷ್ಟು ವರ್ಷ ತಾಳೀತು? ಮಾಡು ಹೋದ ಮೇಲೆ ಗೋಡೆಗೆ ಅಶ್ವತ್ಥದ ಬೇರು ಇಳಿಯುತ್ತದೆ.

ಗಂಟೆಗಳು ಮಾತ್ರ ಪಾಳಾಗಲಿಲ್ಲ. ಮರಾಠರು ವಸಾಯಿಯ ಇಗರ್ಜಿಗಳಿಂದ ಒಯ್ದ ಗಂಟೆಗಳು ದೇವಸ್ಥಾನಗಳಿಗೆ ಹೋದವು. ನಾಸಿಕದ ನಾರೋಶಂಕರ ದೇವಸ್ಥಾನದ್ದರಲ್ಲಿ 1721 ಅಂತ ಇದೆ. ಪುಣೆಯಿಂದ ವಾಯಿ ಕಡೆಗೆ ಹೋಗುವವರು ಮೆಣವಲಿಯ ನದಿ ಘಾಟಿಗೂ ಇಳಿಯಿರಿ. ಅಲ್ಲಿನ ಗಂಟೆಯ ಮೇಲೆ 1707 ಎಂಬ ಇಸವಿ ಇದೆ, ಮಗುವನ್ನು ಎತ್ತಿಕೊಂಡ ಮೇರಿಮಾತೆಯೂ ಇದ್ದಾಳೆ.