ಮಗುವನ್ನು ಜಾತ್ರೆ ತೊಟ್ಟಿಲು ಹತ್ತಿಸುವ ಮುಂಚೆ

ಶಿವರಾತ್ರಿ ಹತ್ತಿರ ಬಂತೆಂದರೆ ತುಮಕೂರಿನ ಮಕ್ಕಳ ಬಾಯಲ್ಲಿ ಒಂದೇ ಮಾತು, ಸಿದ್ಧಗಂಗೆ ಜಾತ್ರೆಗೆ ಯಾವಾಗ ಹೋಗೋದು? ದೊಡ್ಡವರಿಗೆ ತೇರು, ದನಗಳ ಪರಿಷೆ, ವಸ್ತುಪ್ರದರ್ಶನ. ಮಕ್ಕಳಿಗೆ ಮಾತ್ರ ದೂರದಲ್ಲಿ ಲೈಟು ಹಾಕಿಕೊಂಡು ತಿರುಗುವ ದೊಡ್ಡ ತೊಟ್ಟಿಲು ಕಂಡರೆ ಸಾಕು, ಕೈ ಬಿಡಿಸಿಕೊಂಡು ಓಡುತ್ತಾರೆ. ಆಗ ಟಿಕೆಟ್ ಕೌಂಟರ್ ಮುಂದೆ ನಿಂತು, ಹಿಂದಿನಿಂದ ಜನ ನೂಕುತ್ತಿರುವಾಗ, ಮಗು ಅಂಗಿ ಹಿಡಿದು ಎಳೆಯುತ್ತಿರುವಾಗ, ಹತ್ತಿಸೋದಾ ಬೇಡವಾ ಅಂತ ಯೋಚಿಸಲು ಆಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಇದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.

ಎಲ್ಲರೂ ಕೇಳುವುದು "ಎಷ್ಟನೇ ವಯಸ್ಸಿಗೆ ಹತ್ತಿಸಬಹುದು?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ. ಹೆದರಿಕೆ ಆದಾಗ ನಿಮ್ಮ ಮಗು ಏನು ಮಾಡುತ್ತದೆ? ಇನ್ನೂ ಗಟ್ಟಿಯಾಗಿ ಹಿಡಿದು ಕೂರುತ್ತದಾ, ಅಥವಾ ಎದ್ದು ಓಡಲು ನೋಡುತ್ತದಾ?

ನನಗೆ ಇದು ಗೊತ್ತಾಗಿದ್ದು ಮಗಳಿಗೆ 4 ವರ್ಷ ಇದ್ದಾಗ. ನಮ್ಮ ಕಡೆಯ ಒಂದು ಸಣ್ಣ ಜಾತ್ರೆಯಲ್ಲಿ ಡ್ರ್ಯಾಗನ್ ಟ್ರೈನ್ ಹಾಕಿದ್ದರು. ಮಕ್ಕಳ ಆಟ, ವೇಗ ಅಷ್ಟೇನೂ ಇಲ್ಲ, ನಾನು ಜಾಸ್ತಿ ಯೋಚನೆ ಮಾಡದೆ ಹತ್ತಿಸಿದೆ. ಮುಂದೆ ಒಂದು ಚೈನು ಕಟ್ಟಿದರು, ಅದು ಅವಳ ಹೊಟ್ಟೆಗೆ ತಾಗುತ್ತಲೂ ಇರಲಿಲ್ಲ, ಜೋತುಬಿದ್ದಿತ್ತು. ಮೊದಲ ಸುತ್ತು ನಗುತ್ತಿದ್ದಳು. ಎರಡನೇ ಸುತ್ತಿಗೆ ತುಟಿ ಬಿಗಿಯಿತು. ಮೂರನೇ ಸುತ್ತಿನಲ್ಲಿ ನಾನು ಕೆಳಗಿನಿಂದ ಕೈ ಬೀಸಿ "ಪುಟ್ಟಾ, ಇಲ್ಲಿದೀನಿ ನೋಡು" ಅಂದೆ. ಧೈರ್ಯ ಆಗಲಿ ಅಂತ ಕರೆದದ್ದು. ಅವಳು ನನ್ನನ್ನು ನೋಡಿದಳು, ಒಂದು ಕಾಲು ಸೀಟಿನ ಮೇಲಿಟ್ಟಳು, ಹಿಡಿಕೆ ಬಿಟ್ಟು ಎರಡೂ ಕೈ ನನ್ನ ಕಡೆ ಚಾಚಿ ಎದ್ದು ನಿಂತಳು. ಪಕ್ಕದಲ್ಲಿದ್ದ ದೊಡ್ಡ ಹುಡುಗಿ ಫ್ರಾಕಿನ ಬೆನ್ನು ಹಿಡಿದು ಕೂರಿಸಿದಳು. ನಿಲ್ಲಿಸಿ ನಿಲ್ಲಿಸಿ ಅಂತ ಕೂಗಿದರೂ ಮೈಕಿನ ಹಾಡಿನಲ್ಲಿ ಆಡಿಸುವವರಿಗೆ ಕೇಳಿಸಲಿಲ್ಲ, ಇನ್ನೆರಡು ಸುತ್ತು ಹೋಯಿತು. ಆ ಎರಡು ಸುತ್ತು ಇವತ್ತಿಗೂ ಮರೆತಿಲ್ಲ.

ಅವಳ ತಪ್ಪೇನೂ ಇಲ್ಲ. ಹೆದರಿದ ಮಗು ಅಮ್ಮನ ಹತ್ತಿರ ಬರುತ್ತದೆ, ಹುಟ್ಟಿದಾಗಿನಿಂದ ಅದು ಕಲಿತಿರುವುದೇ ಅದು. ಇಂಥ ಆಟದಲ್ಲಿ ಮಾತ್ರ ಹೆದರಿಕೆ ಆದಷ್ಟೂ ಅಲ್ಲಾಡದೆ ಕೂರಬೇಕು, ಬುದ್ಧಿ ಪೂರ್ತಿ ತಿರುಗಾ ಮುರುಗಾ ಕೆಲಸ ಮಾಡಬೇಕು. ಕೆಲವು ಮಕ್ಕಳಿಗೆ ಇದು 5ಕ್ಕೇ ಬರುತ್ತದೆ, ಕೆಲವರಿಗೆ 8 ಆದರೂ ಬರುವುದಿಲ್ಲ. ಎತ್ತರ ಎಷ್ಟಿದ್ದರೂ, ಹೆದರಿದಾಗ ಏಳುವ ಮಗುವನ್ನು ನಾನಂತೂ ಹತ್ತಿಸುವುದಿಲ್ಲ.

ಇದನ್ನು ಜಾತ್ರೆಗೆ ಮುಂಚೆಯೇ ನೋಡಿಕೊಳ್ಳಬಹುದು. ಕಟಿಂಗ್ ಶಾಪಿಗೆ ಕರೆದುಕೊಂಡು ಹೋದಾಗ ಗಮನಿಸಿ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ಮಗುವನ್ನು ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟುತ್ತಾರಲ್ವಾ. ಕಿವಿ ಹಿಂದೆ ಮೆಷಿನ್ ಬುರ್ ಅಂದಾಗ ಕಣ್ಣು ಮುಚ್ಚಿ, ಹಲಗೆ ಹಿಡಿದು, ಅಳುತ್ತಲೇ ಆದರೂ ಕೂತಿರುತ್ತದಾ? ಹಾಗಿದ್ದರೆ ಒಳ್ಳೆಯ ಸೂಚನೆ. ಅಳುವುದು ತೊಂದರೆ ಅಲ್ಲ. ಹಲಗೆಯಿಂದ ಜಾರಿ ಇಳಿದರೆ ಇನ್ನೊಂದು ವರ್ಷ ಕಾಯಿರಿ. ಹಾಗೇ ಪಾರ್ಕಿನ ಉಯ್ಯಾಲೆ. "ನಾನು ಹೇಳೋವರೆಗೂ ಎರಡೂ ಕೈ ಬಿಡಬಾರದು" ಅಂತ ಮೊದಲೇ ಹೇಳಿ, ಮೂರು ನಿಮಿಷ ಸ್ವಲ್ಪ ಜೋರಾಗಿ ತೂಗಿ. ನಡುವೆ ಮೂಗು ಕೆರೆಯಲು, ಕೂದಲು ಸರಿಮಾಡಲು ಕೈ ಬಿಟ್ಟಿತಾ ಅಂತ ನೋಡಿ. ಜಾತ್ರೆ ಆಟಗಳು ಹೆಚ್ಚಾಗಿ ಎರಡು ಮೂರು ನಿಮಿಷದವು, ಅಷ್ಟು ಹೊತ್ತು ಒಂದು ಮಾತು ನೆನಪಿಟ್ಟುಕೊಳ್ಳುವ ಮಗು ಮಾತ್ರ ಒಬ್ಬಂಟಿಯಾಗಿ ಕೂರಲು ಸಿದ್ಧ.

ವಾಂತಿ ಆಗುವ ಮಗುವಾ ಅನ್ನುವುದಕ್ಕೆ ನಮ್ಮ ಕಡೆ ಒಳ್ಳೆಯ ಪರೀಕ್ಷೆ ಇದೆ. ದೇವರಾಯನದುರ್ಗದ ರಸ್ತೆಯ ತಿರುವುಗಳು. ಚಿಕ್ಕಬಳ್ಳಾಪುರದ ಕಡೆಯವರಾದರೆ ನಂದಿಬೆಟ್ಟದ ತಿರುವುಗಳು. ಅಲ್ಲಿ ಹೊಟ್ಟೆ ತೊಳಸುವ ಮಗುವಿಗೆ ಗಿರಗಿರ ತಿರುಗುವ ಆಟ ಬೇಡ. ಕಿವಿಯ ಒಳಗಿನ ಭಾಗ "ಮೈ ತಿರುಗುತ್ತಿದೆ" ಅನ್ನುತ್ತದೆ, ಕಣ್ಣು ಮುಂದಿನ ಸೀಟನ್ನು ನೋಡಿ "ಇಲ್ಲ, ಸುಮ್ನೆ ಕೂತಿದ್ದೀನಿ" ಅನ್ನುತ್ತದೆ, ಎರಡಕ್ಕೂ ತಾಳೆಯಾಗದೆ ತಲೆಸುತ್ತು ಬರುತ್ತದೆ. 2 ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, 2ರಿಂದ 12ರವರೆಗೆ ಜಾಸ್ತಿ. ನಮ್ಮ ಅಣ್ಣನ ಮಗನಿಗೆ ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿನ್ನಿಸಿ, ಅರ್ಧ ಗಂಟೆಯೊಳಗೆ ಕಪ್-ಸಾಸರ್ ತಿರುಗಣೆಗೆ ಕೂರಿಸಿದೆವು. ಪಾಪ, ಇಳಿದ ಮೇಲೆ ಮನೆಗೆ ಬರುವವರೆಗೂ ಮಾತಾಡಲಿಲ್ಲ. ತಿಂದ ಮೇಲೆ ಒಂದು ಗಂಟೆಯಾದರೂ ಬಿಡಿ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ.

ಈಗ ಎತ್ತರದ ವಿಷಯ. ಬಿಡದಿ ಹತ್ತಿರದ ವಂಡರ್‌ಲಾದಂಥ ದೊಡ್ಡ ಪಾರ್ಕುಗಳಲ್ಲಿ ಎತ್ತರ ಅಳೆದು ಬಿಡುತ್ತಾರೆ. ಎತ್ತರ ಸಾಲದಿದ್ದರೆ ಮಗು ಅತ್ತರೂ ಒಳಗೆ ಬಿಡುವುದಿಲ್ಲ, ಅದು ಒಳ್ಳೆಯದು. ಜಾತ್ರೆಗಳಲ್ಲಿ ಅಳೆಯುವವರು ಬಹಳ ಕಡಿಮೆ, ಅಲ್ಲಿ ಆ ಕೆಲಸ ನಿಮ್ಮದೇ. ಪ್ರಪಂಚದ ಬೇರೆ ಬೇರೆ ಕಡೆ ವೇಗದ ಆಟಗಳಿಗೆ ಸಾಮಾನ್ಯವಾಗಿ ಇಡುವ ಗೆರೆ 4 ಅಡಿ, ಅಂದರೆ ಸುಮಾರು 122 ಸೆಂಟಿಮೀಟರ್. ಇನ್ನೂ ಜೋರಾದವಕ್ಕೆ ಅದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ನೋಡಿದರೆ 5 ವರ್ಷದ ಮಗುವಿನ ನಡುಮಟ್ಟದ ಎತ್ತರ ಸುಮಾರು 110 ಸೆಂಟಿಮೀಟರ್, 121ರ ಹತ್ತಿರ ಬರುವುದು 7 ತುಂಬಿದಾಗ. ಅಂದರೆ ಯುಕೆಜಿ ಮಗುವಿಗೆ ಆ ಸೀಟು ಮಾಡಿದ್ದೇ ಅಲ್ಲ. ಮನೆಯ ಗೋಡೆಗೆ ನಿಲ್ಲಿಸಿ, ಚಪ್ಪಲಿ ತೆಗೆಸಿ, ತಲೆ ಮೇಲೆ ಪುಸ್ತಕ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಆಟದ ಬಾಗಿಲಲ್ಲಿ ಅಳೆದಾಗ ಒಂದು ಇಂಚು ಕಡಿಮೆ ಬಿದ್ದರೆ "ತುದಿಗಾಲಲ್ಲಿ ನಿಲ್ಲು" ಅಂತ ದಯವಿಟ್ಟು ಹೇಳಿಕೊಡಬೇಡಿ.

ಎತ್ತರ ಯಾಕೆ ಅಂದರೆ, ಅದು ಧೈರ್ಯದ ಅಳತೆಯಲ್ಲ, ಕಂಬಿಯ ಅಳತೆ. ಒಂದೇ ಸೀಟಿನಲ್ಲಿ ಅಪ್ಪನೂ ಮಗುವೂ ಕೂತಾಗ ತೊಡೆ ಮೇಲೆ ಬರುವ ಕಂಬಿ ಅಪ್ಪನ ಹೊಟ್ಟೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಮಗುವಿನ ತೊಡೆಗೂ ಕಂಬಿಗೂ ನಡುವೆ ಒಂದು ಗೇಣು ಜಾಗ ಉಳಿಯುತ್ತದೆ. ಸೀಟು ಕೆಳಗೆ ಬೀಳುವಾಗ ಮೈ ಮೇಲೇಳುತ್ತದಲ್ವಾ, ಆಗ ಮಗು ಆ ಜಾಗದಿಂದ ಮೇಲಕ್ಕೆ ಏಳುತ್ತದೆ, ಇಲ್ಲವೇ ಕೆಳಗೆ ಜಾರುತ್ತದೆ. "ನಾನು ಹಿಡ್ಕೊಂಡಿರ್ತೀನಿ ಬಿಡಿ" ಅನ್ನುವ ಅಪ್ಪಂದಿರು ಒಂದು ಲೆಕ್ಕ ಮಾಡಿ. ಎರಡು ಪಟ್ಟು ಒತ್ತಡ ಬೀಳುವ ಕ್ಷಣದಲ್ಲಿ 15 ಕಿಲೋ ಮಗು 30 ಕಿಲೋ ಮೂಟೆಯ ಹಾಗೆ ಎಳೆಯುತ್ತದೆ, ನಿಮ್ಮ ಇನ್ನೊಂದು ಕೈ ನಿಮ್ಮನ್ನೇ ಹಿಡಿದುಕೊಳ್ಳಬೇಕಾಗಿರುತ್ತದೆ. ಮಗುವಿನ ಕುತ್ತಿಗೆಯೂ ಇನ್ನೂ ಎಳೆಯದು. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲು ಭಾಗ, ದೊಡ್ಡವರದು ಹೆಚ್ಚುಕಡಿಮೆ ಎಂಟನೇ ಒಂದು ಭಾಗ, ಸಣ್ಣ ಮಕ್ಕಳು ಇವೆರಡರ ನಡುವೆ ಇರುತ್ತಾರೆ. ಅಷ್ಟು ದೊಡ್ಡ ತಲೆಯನ್ನು ಅಷ್ಟು ಸಣ್ಣ ಕುತ್ತಿಗೆ ಜರ್ಕಿನಲ್ಲಿ ಹಿಡಿದಿಡಬೇಕು. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಯಾವ ಜೋರು ಆಟಕ್ಕೂ ಹತ್ತಬೇಡಿ, ತೊಟ್ಟಿಲಿಗೂ ಬೇಡ.

ಹಾಗಾಗಿ ಅಲ್ಲಿಗೆ ಹೋದ ಮೇಲೆ ಮಗುವನ್ನು ಸೀಟಿನಲ್ಲಿ ಕೂರಿಸಿ ಮೂರು ಕಡೆ ಕಣ್ಣು ಹಾಯಿಸಿ. ಬೆನ್ನು ಪೂರ್ತಿ ಹಿಂದಕ್ಕೆ ತಾಗಿ, ಮಂಡಿ ಸೀಟಿನ ಅಂಚಿನಲ್ಲಿ ಮಡಚುತ್ತದಾ? ಪಾದ ನೆಲಕ್ಕೆ ಮುಟ್ಟುತ್ತದಾ? ಹಿಡಿಕೆ ಕೈಗೆ ಎಟುಕುತ್ತದಾ? ಒಂದು ಇಲ್ಲದಿದ್ದರೂ ಇಳಿಸಿಬಿಡಿ, ಟಿಕೆಟ್ ದುಡ್ಡು ಹೋದರೆ ಹೋಗಲಿ.

ಟಿಕೆಟ್ ತೆಗೆದುಕೊಳ್ಳುವ ಮುಂಚೆ ಒಂದು ಪೂರ್ತಿ ಆಟ ನಿಂತು ನೋಡಿ, ಮಗುವನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು. ಈ ಯಂತ್ರಗಳನ್ನು ಊರಿಂದ ಊರಿಗೆ ಬಿಚ್ಚಿ, ಲಾರಿಗೆ ಹಾಕಿ, ಮತ್ತೆ ಜೋಡಿಸುತ್ತಾರೆ, ಒಂದೊಂದು ಬೋಲ್ಟನ್ನೂ ಒಬ್ಬರು ಬಿಗಿ ಮಾಡಿರಬೇಕು. ಅದನ್ನು ನಾವು ನೋಡಲಾಗುವುದಿಲ್ಲ, ಆದರೆ ಆಡಿಸುವವರ ಶ್ರದ್ಧೆ ಕಾಣುತ್ತದೆ. ಪ್ರತಿ ಸೀಟಿನ ಕಂಬಿಯನ್ನೂ ಕೈಯಿಂದ ಎಳೆದು ನೋಡುತ್ತಾರಾ? ಬಾಗಿಲಿನ ಚಿಲಕಕ್ಕೆ ಪಿನ್ ಇದೆಯಾ, ಅಥವಾ ಹಗ್ಗದ ತುಂಡು ಕಟ್ಟಿದ್ದಾರಾ? ಸ್ವಿಚ್ ಹತ್ತಿರ ಇರುವವರ ಕಣ್ಣು ಆಟದ ಮೇಲಿದೆಯಾ, ಫೋನಿನ ಮೇಲಿದೆಯಾ? ಹಗ್ಗ ಕಂಡರೆ ಅಲ್ಲಿಂದಲೇ ವಾಪಸ್. ಗಾಳಿ ಜೋರಾದರೆ, ನಾಲ್ಕು ಹನಿ ಮಳೆ ಬಿದ್ದರೂ ಅಷ್ಟೇ. ಆಡಿಸುವವರ ಹತ್ತಿರ ಹೋಗಿ "ನಾನು ಇಲ್ಲೇ ನಿಂತಿರ್ತೀನಿ, ಕೈ ಎತ್ತಿದ್ರೆ ನಿಲ್ಲಿಸ್ತೀರಾ?" ಅಂತ ಕೇಳಿಕೊಳ್ಳಿ. ಜನ ಕಡಿಮೆ ಇರುವ ಸಂಜೆ ಐದರ ಹೊತ್ತಿಗೆ ಹೋದರೆ ಅವರಿಗೂ ಕೇಳಿಸಿಕೊಳ್ಳಲು ಸಮಯ ಇರುತ್ತದೆ, ರಾತ್ರಿ ಎಂಟಕ್ಕೆ ಇರುವುದಿಲ್ಲ.

ಯಾವುದರಿಂದ ಶುರು ಮಾಡುವುದು? ನೆಲಕ್ಕೆ ಹತ್ತಿರದ ಕುದುರೆ ತಿರುಗಣೆ, ಆಮೇಲೆ ಮಕ್ಕಳ ರೈಲು. ದೊಡ್ಡ ತೊಟ್ಟಿಲು ನಿಧಾನ ಅಂತ ಸುಲಭ ಅಂದುಕೊಳ್ಳುತ್ತೇವೆ, ಆದರೆ ಜನ ಹತ್ತಿಸಲು ಅದನ್ನು ಮಧ್ಯೆ ಮಧ್ಯೆ ನಿಲ್ಲಿಸುತ್ತಾರೆ, ನೀವು ತುತ್ತತುದಿಯಲ್ಲಿ ನೇತಾಡುತ್ತಿರುತ್ತೀರಿ, ಮಗು "ಇಳೀಬೇಕು" ಅಂದರೆ ದಾರಿಯೇ ಇಲ್ಲ. ಸುತ್ತಲೂ ಜಾಲರಿ ಇರುವ ಮುಚ್ಚಿದ ಪೆಟ್ಟಿಗೆಯಾದರೆ ದೊಡ್ಡವರ ಜೊತೆ ಸರಿ, ಬರೀ ಚೈನು ಕಟ್ಟಿದ ತೆರೆದ ತೊಟ್ಟಿಲಿಗೆ ಸಣ್ಣ ಮಕ್ಕಳು ಬೇಡ. ಹಿಂದಕ್ಕೂ ಮುಂದಕ್ಕೂ ತೂಗುವ ಕೊಲಂಬಸ್ ಹಡಗಿನಲ್ಲಿ ತುದಿ ಸೀಟು ಎಲ್ಲಕ್ಕಿಂತ ಮೇಲೆ ಹೋಗಿ ಬೀಳುತ್ತದೆ, ನಡು ಸೀಟಿನಲ್ಲಿ ಆ ಝಲ್ ಅನ್ನುವುದು ಕಡಿಮೆ. ಎತ್ತರ ಸಾಕಾಗಿ ಮೊದಲ ಸಲ ಹೋಗುವ ಮಗುವನ್ನು ನಡುವೆ ಕೂರಿಸಿ. ಬ್ರೇಕ್ ಡ್ಯಾನ್ಸ್ ಥರದ ತಿರುಗುವ ಆಟದಲ್ಲಿ ಎಲ್ಲರೂ ಹೊರಗಿನ ಕಡೆಗೆ ಜಾರುತ್ತಾರೆ. ದೊಡ್ಡವರು ಹೊರಗೆ, ಮಗು ಒಳಗೆ ಕೂರಬೇಕು. ಅದಲು ಬದಲಾದರೆ ನಿಮ್ಮ ಭಾರವೆಲ್ಲ ಮಗುವಿನ ಮೇಲೆ.

ದುಪಟ್ಟಾ, ಉದ್ದ ಜಡೆ, ಜೋತಾಡುವ ಸರ, ಸಡಿಲ ಚಪ್ಪಲಿ, ಇವೆಲ್ಲ ಸಿಕ್ಕಿಕೊಳ್ಳುವ ವಸ್ತುಗಳು. ಜಡೆ ಮೇಲಕ್ಕೆ ಕಟ್ಟಿ, ಉಳಿದದ್ದು ಅಜ್ಜಿ ಕೈಗೆ ಕೊಡಿ. ಬಾಯಲ್ಲಿ ಬತ್ತಾಸು, ಚೂಯಿಂಗ್ ಗಮ್ ಇದ್ದರೆ ಉಗಿಸಿ. ಫಿಟ್ಸ್ ಬಂದಿರುವ ಮಗು, ಹೃದಯದ ತೊಂದರೆ ಇರುವ ಮಗು, ಇತ್ತೀಚೆಗೆ ಮೂಳೆ ಮುರಿದಿದ್ದು ಅಥವಾ ಆಪರೇಷನ್ ಆಗಿದ್ದು, ಇವರನ್ನು ಡಾಕ್ಟರನ್ನು ಕೇಳದೆ ಹತ್ತಿಸಬೇಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೇಲಿನ ಕೀಲು ಸಡಿಲ ಇರುತ್ತದೆ, ಅವರ ವಿಷಯದಲ್ಲೂ ಡಾಕ್ಟರ ಮಾತೇ ಮೊದಲು. ಕಿವಿ ನೋವು, ಜ್ವರ ಇದ್ದ ದಿನ ಜಾತ್ರೆ ನೋಡಿಕೊಂಡು ಬಂದರೆ ಸಾಕು.

ಇಷ್ಟೆಲ್ಲ ಸರಿ ಇದ್ದು, ಸರದಿಯಲ್ಲಿ ನಿಂತು, ಇನ್ನೇನು ಹತ್ತಬೇಕು ಅನ್ನುವಾಗ ಮಗು "ಬೇಡ" ಅಂದರೆ? ಬೇಡ ಅಂದರೆ ಬೇಡ. "ನೋಡು, ಆ ಪಾಪು ಎಷ್ಟು ಧೈರ್ಯವಾಗಿ ಕೂತಿದೆ, ನೀನು ಹೇಡಿನಾ?" ಅನ್ನುವ ಮಾತು ನಮ್ಮ ಬಾಯಿಗೆ ತಾನಾಗೇ ಬರುತ್ತದೆ, ಅದನ್ನು ನುಂಗಿಕೊಳ್ಳಿ. ಅವಮಾನಕ್ಕೆ ಹೆದರಿ ಹತ್ತಿದ ಮಗುವೇ ಮೇಲೆ ಹೋದಾಗ ಎದ್ದು ನಿಲ್ಲುವುದು. ಮಾವ, ಚಿಕ್ಕಪ್ಪ ಎತ್ತಿಕೊಂಡು ಹೋಗಿ ಕೂರಿಸಲು ಬಂದರೆ ನೀವು ಅಡ್ಡ ನಿಲ್ಲಿ. ಮನೆಯವರಿಗೆ ಬೇಜಾರಾದರೂ ಪರವಾಗಿಲ್ಲ.

ಹತ್ತಿದ್ದೇ ಆದರೆ ಕೆಳಗೆ ನಿಂತವರು ಕೈ ಬೀಸಿ ಕರೆಯಬಾರದು. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ನಾವು ಮಾಡಿಕೊಂಡಿದ್ದು ಹೀಗೆ. ನಾನು ಎರಡೂ ಮುಷ್ಟಿ ಎದೆ ಮುಂದೆ ಬಿಗಿಯಾಗಿ ಹಿಡಿದು ತೋರಿಸಿದರೆ "ಹಿಡ್ಕೋ" ಅಂತ ಅರ್ಥ. ಅವಳೂ ತಿರುಗಿ ಹಾಗೇ ಹಿಡಿಕೆ ಬಿಗಿ ಹಿಡಿಯಬೇಕು. ಊಟದ ಟೇಬಲ್ ಹತ್ತಿರ, ಸ್ಕೂಟರ್ ಹಿಂದೆ, ಉಯ್ಯಾಲೆ ಮೇಲೆ ಹತ್ತಾರು ಸಲ ಆಡಿದೆವು. 6 ತುಂಬಿದ ಮೇಲೆ ಮತ್ತೆ ಡ್ರ್ಯಾಗನ್ ಟ್ರೈನ್ ಹತ್ತಿದಳು, ಈ ಸಲ ತೊಡೆಗೆ ಸರಿಯಾಗಿ ಕೂರುವ ಕಂಬಿ ಇದ್ದದ್ದು. ಪ್ರತಿ ಸುತ್ತೂ ಒಂದೇ ಜಾಗದಲ್ಲಿ ನಿಂತಿದ್ದೆ, ಅವಳು ಎದುರಿಗೆ ಬಂದಾಗೆಲ್ಲ ಮುಷ್ಟಿ ತೋರಿಸಿದೆ. ನಾಲ್ಕನೇ ಸುತ್ತಿಗೆ ಮುಖ ಸಣ್ಣಗಾಗಿತ್ತು, ಕಣ್ಣಲ್ಲಿ ನೀರೂ ಇತ್ತು, ಆದರೆ ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ರೈಲು ಪೂರ್ತಿ ನಿಂತು, ಕಂಬಿ ಮೇಲೆತ್ತಿ, ನಾನು ಹೋಗಿ "ಈಗ ಬಿಡು" ಅನ್ನುವವರೆಗೂ ಬಿಡಲಿಲ್ಲ. ಇನ್ನೊಂದು ಸಲ ಹೋಗ್ತೀಯಾ ಅಂತ ಕೇಳಿದೆ. ಮುಂದಿನ ವರ್ಷ ಅಂದಳು. ಸರಿ ಅಂತ ಕಬ್ಬಿನ ಹಾಲು ಕುಡಿಯಲು ಹೋದೆವು.