ವಿಜಯಪುರದ ಬಿಸಿಲಲ್ಲಿ ಹಾವಿನ ತತ್ತಿ ಮರಿ ಮಾಡಿದ್ದು

ಕಾರ್ನ್ ಸ್ನೇಕ್ ಅಂದರೆ ಮನೆಯಲ್ಲಿ ಸಾಕುವ, ವಿಷವಿಲ್ಲದ ಅಮೆರಿಕದ ಹಾವು. ಅದರ ತತ್ತಿಗೆ 27ರಿಂದ 29 ಡಿಗ್ರಿ ಕಾವು ಬೇಕು, ಮರಿ ಬರಲು ಸುಮಾರು ಎರಡು ತಿಂಗಳು. ಇಷ್ಟು ಕೇಳಿದ ಕೂಡಲೇ ಎಲ್ಲರೂ ಹೀಟರ್ ಯಾವುದು ತರಲಿ ಅಂತ ಕೇಳುತ್ತಾರೆ. ನಮ್ಮ ವಿಜಯಪುರದಲ್ಲಿ ಮೇ ತಿಂಗಳು ಹೊರಗೆ 40 ಡಿಗ್ರಿ, ಫ್ಯಾನ್ ತಿರುಗುವ ಕೋಣೆಯಲ್ಲೇ 35. ಇಲ್ಲಿ ತತ್ತಿಯನ್ನು ತಂಪಾಗಿ ಇಡುವುದೇ ದೊಡ್ಡ ಕೆಲಸ.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಮೂಲೆಗೆ ಸರಿಸಿದೆ, ಮಧ್ಯಾಹ್ನ ಒಳಗೆ 34 ಆಗುತ್ತಿತ್ತು. 12 ತತ್ತಿಯೂ ಕೆಟ್ಟವು. ಕೊನೆಗೆ ಒಂದನ್ನು ಒಡೆದು ನೋಡಿದರೆ ಒಳಗೆ ಪೂರ್ತಿ ಬೆಳೆದ ಮರಿ ಇತ್ತು, ಬೆನ್ನುಮೂಳೆ ಸೊಟ್ಟಗಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಎರಡನೇ ವರ್ಷ ನೀರಿನ ಹರವಿ ನೋಡಿ ದಾರಿ ಸಿಕ್ಕಿತು. ದೊಡ್ಡ ಮಣ್ಣಿನ ಕುಂಡದೊಳಗೆ ಸಣ್ಣ ಕುಂಡ ಇಟ್ಟೆ, ನಡುವೆ ಮರಳು ತುಂಬಿದೆ, ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿದೆ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಗಾಳಿಯಾಡುವ ಪಡಸಾಲೆಯಲ್ಲಿಟ್ಟೆ. ನಮ್ಮ ಕಡೆ ಬೇಸಿಗೆ ಗಾಳಿ ಒಣಗಾಳಿ ಅಲ್ವಾ, ನೀರು ಬೇಗ ಆರುತ್ತದೆ, ಆರುವಾಗ ಮಣ್ಣನ್ನು ತಂಪು ಮಾಡುತ್ತದೆ. ಕರೆಂಟ್ ಹೋದರೂ ಚಿಂತೆ ಇಲ್ಲ. ವೈರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರನ್ನು ತತ್ತಿಯ ಪಕ್ಕಕ್ಕೇ ಇಟ್ಟಿದ್ದೆ, ಹೆಚ್ಚಿನ ದಿನ 28ರ ಆಸುಪಾಸಿನಲ್ಲೇ ನಿಂತಿತು.

ಬಸವ ಜಯಂತಿ ಮರುದಿನ ನನ್ನ ಹಾವು 14 ತತ್ತಿ ಇಟ್ಟಿತು. ಮೂರು ಸಣ್ಣವು, ಹಳದಿ, ಮೇಣದ ಹಾಗೆ ಗಟ್ಟಿ. ಅವು ಮೊದಲೇ ಗೊಡ್ಡು, ತೆಗೆದುಬಿಟ್ಟೆ. ಉಳಿದ 11ರಲ್ಲಿ ಎಂಟು ಒಂದಕ್ಕೊಂದು ಅಂಟಿ ಗೊಂಚಲಾಗಿದ್ದವು. ಅವನ್ನು ಬಿಡಿಸಲು ಹೋಗಬೇಡಿ, ಸಿಪ್ಪೆ ಹರಿಯುತ್ತದೆ. ಪ್ರತಿ ತತ್ತಿಯ ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿದೆ. ಅವ್ವ ನೋಡಿ, "ಕೋಳಿ ದಿನಾ ತತ್ತಿ ಹೊರಳಸ್ತದಲ್ಲೋ ಯಪ್ಪಾ, ನೀ ಯಾಕ ಮುಟ್ಟವಲ್ಲಿ?" ಅಂದಳು. ಕೋಳಿ ತತ್ತಿ ಬೇರೆ, ಹಾವಿನ ತತ್ತಿ ಬೇರೆ. ಒಳಗಿನ ಮರಿ ಸಿಪ್ಪೆಯ ಒಂದು ಕಡೆಗೆ ಅಂಟಿಕೊಂಡು ಬೆಳೆಯುತ್ತದೆ, ಆಮೇಲೆ ತಲೆಕೆಳಗಾದರೆ ಸಾಯಬಹುದು.

ತತ್ತಿಗಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಸಣ್ಣ ಕುಂಡದೊಳಗೆ ಇಳಿಸಿದ್ದೆ. ಡಬ್ಬಿಯಲ್ಲಿ ಕೆಳಗೆ ಹಾಸಿದ್ದು ನರ್ಸರಿಯಿಂದ ತಂದ ವರ್ಮಿಕ್ಯುಲೈಟ್, ಅಂದರೆ ತೇವ ಹಿಡಿದಿಡುವ ಹಗುರ ಖನಿಜದ ಚೂರು. ಅದರ ತೂಕದಷ್ಟೇ ನೀರು ಕಲಸಿದೆ. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಬಿದ್ದರೆ ನೀರು ಜಾಸ್ತಿ ಅಂತ. ತತ್ತಿ ಮೇಲೆ ನೀರು ಚಿಮುಕಿಸಲೇಬಾರದು, ಬೇಕಾದರೆ ಅಂಚಿಗೆ ಹಾಕಿ. ಮುಚ್ಚಳಕ್ಕೆ ಹನಿ ಕಟ್ಟಿ ತತ್ತಿ ಮೇಲೇ ಬೀಳುತ್ತಿತ್ತು, ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಓರೆ ಮಾಡಿದ ಮೇಲೆ ನಿಂತಿತು.

ಇನ್ನು ಕೆಟ್ಟ ತತ್ತಿ ವಿಷಯ. ವಾರದ ಮೇಲೆ ಕತ್ತಲಲ್ಲಿ, ತತ್ತಿ ಎತ್ತದೆ, ಪಕ್ಕದಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಗುಲಾಬಿ ಬಣ್ಣ, ಕೆಂಪು ನರಗಳ ಬಲೆ ಕಂಡರೆ ಜೀವ ಇದೆ. ಬರೀ ಹಳದಿ ಕಂಡರೆ ಅನುಮಾನ, ಆದರೆ ಅವತ್ತೇ ಎಸೆಯಬೇಡಿ. ಬೂಷ್ಟು ಬಂತು ಅಂತಲೂ ಎಸೆಯಬೇಡಿ. ಒಣ ಹತ್ತಿಯ ತುಂಡಿನಿಂದ ಮೆಲ್ಲಗೆ ಒರೆಸಿ, ಹಾಸನ್ನು ಕೊಂಚ ಆರಲು ಬಿಡಿ. ನಿಜವಾಗಿ ಸತ್ತ ತತ್ತಿ ತಾನೇ ಹೇಳುತ್ತದೆ. ಬಣ್ಣ ಕಂದು ಇಲ್ಲವೇ ಹಸಿರಿಗೆ ತಿರುಗುತ್ತದೆ, ಕುಸಿಯುತ್ತದೆ, ನೀರು ಜಿನುಗುತ್ತದೆ, ಮೂಗು ಹತ್ತಿರ ತಂದರೆ ನಾತ.

20ನೇ ದಿನ ಬಿಡಿಯಾಗಿದ್ದ ಒಂದು ಹೀಗಾಯಿತು. ತೆಗೆದು ಹಿತ್ತಲಲ್ಲಿ ಆಳಕ್ಕೆ ಹೂತೆ, ಕೈಯನ್ನು ಸೋಪು ಹಚ್ಚಿ ತೊಳೆದೆ. ಹಾವುಗಳಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಸಣ್ಣ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬೇಡಿ. ಐದು ದಿನದ ಮೇಲೆ ಗೊಂಚಲಿನ ನಡುವಿನ ಒಂದು ಕೆಟ್ಟಿತು. ಕಿತ್ತು ಹಾಕೋಣ ಅಂತ ಎರಡು ಸಲ ಕೈ ಹೋಯಿತು, ತಡೆದುಕೊಂಡೆ. ಕಿತ್ತರೆ ಪಕ್ಕದ ಜೀವಂತ ತತ್ತಿಯ ಸಿಪ್ಪೆಯೂ ಹರಿಯುತ್ತಿತ್ತು. ಅದರ ಸುತ್ತ ಒಣ ವರ್ಮಿಕ್ಯುಲೈಟ್ ಉದುರಿಸಿ ಹಾಗೇ ಬಿಟ್ಟೆ. ಅದು ಒಣಗಿ ಸುರುಟಿತು, ಪಕ್ಕದವು ಬೆಳ್ಳಗೆ ಗಟ್ಟಿಯಾಗೇ ಉಳಿದವು. ನಾತಕ್ಕೆ ಸಣ್ಣ ನೊಣ ಬಂದು ಹುಳ ಬಿಡುತ್ತವೆ, ಅದಕ್ಕೇ ಡಬ್ಬಿಯ ತೂತುಗಳಿಗೆ ಹಳೇ ಧೋತರದ ಬಟ್ಟೆ ಕಟ್ಟಿದೆ.

ಮಳೆ ಹಿಡಿದ ಮೇಲೆ ಕುಂಡ ಅಷ್ಟು ತಂಪಾಗುವುದಿಲ್ಲ, ಆದರೆ ಹೊರಗೇ ತಂಪಾಗಿರುತ್ತದೆ. 50 ದಿನ ದಾಟಿದ ಮೇಲೆ ತತ್ತಿಗಳು ಅಲ್ಲಲ್ಲಿ ತಗ್ಗು ಬಿದ್ದವು. ಹೆದರಬೇಡಿ, ಮರಿ ಬರುವ ಹೊತ್ತು ಹತ್ತಿರ ಬಂತು ಅಂತ. ಮೊದಲ ವಾರಗಳಲ್ಲೇ ತಗ್ಗು ಬಿದ್ದರೆ ಮಾತ್ರ ತೇವ ಸಾಲದು.

ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ವಾರವಾಗಿತ್ತು. 61ನೇ ದಿನ ಬೆಳಿಗ್ಗೆ ಒಂದು ತತ್ತಿಯಲ್ಲಿ ಬ್ಲೇಡಿನಲ್ಲಿ ಗೀರಿದಂಥ ಸೀಳು, ಅದರಿಂದ ಪುಟ್ಟ ಮೂತಿ. ನಾನು ಮುಟ್ಟಲಿಲ್ಲ. ಉಳಿದ ಹಳದಿಯನ್ನು ಹೀರಿಕೊಳ್ಳಲು ಅವು ಒಂದೆರಡು ದಿನ ಹಾಗೇ ಇರುತ್ತವೆ, ಎಳೆದರೆ ಹೊಕ್ಕುಳ ಹರಿಯುತ್ತದೆ. ಮೂರು ದಿನದಲ್ಲಿ ಒಂಬತ್ತೂ ಹೊರಗೆ ಬಂದವು. ಕೆಟ್ಟ ತತ್ತಿಗೆ ಅಂಟಿಕೊಂಡಿದ್ದ ಎರಡರ ಮರಿಗಳೂ ಅದರಲ್ಲಿದ್ದವು. ಅವ್ವ ಬಾಗಿಲಲ್ಲೇ ನಿಂತು ಎಣಿಸಿದಳು.